ಟೆಸ್ಟಿಗೆ ಮುಂಚಿನ ಎರಡು ದಿನ

ಸುಗಟೂರಿನ ಡೈರಿಯಲ್ಲಿ ಭಾರತಮ್ಮನ ಹಾಲಿಗೆ ಒಂದು ಹೆಸರಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳ ಹಾಲು ವಾಪಸು ಬಂದಿರಲಿಲ್ಲ. ಹಾಗಂತ ಅವಳ ಹಸುಗಳೇನು ದೇವಲೋಕದಿಂದ ಇಳಿದು ಬಂದವಲ್ಲ, ಎಲ್ಲರ ಕೊಟ್ಟಿಗೆಯಲ್ಲೂ ಇರುವಂಥ ಸೀಮೆಹಸುಗಳೇ. ಮೇಲಿನ ಆಫೀಸಿನವರು ಹಾಲಿನ ಚೆಕ್ಕಿಂಗಿಗೆ ಬರುವ ದಿನ ಯಾವುದು ಅಂತ ಊರಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಯಾರಿಂದ ಗೊತ್ತಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಎರಡು ದಿನ ಮುಂಚಿನಿಂದಲೇ ಭಾರತಮ್ಮ ಹಸಿಮೇವು ಕಡಿಮೆ ಮಾಡಿ, ಒಣಹುಲ್ಲು ಹಿಂಡಿ ಜಾಸ್ತಿ ಹಾಕುವಳು. ಆ ಬೆಳಗ್ಗೆ ಮೊದಲಿನ ತೆಳ್ಳನೆ ಹಾಲನ್ನು ಕರುವಿಗೆ ಬಿಟ್ಟು, ಕೊನೆಯ ಗಟ್ಟಿ ಹಾಲನ್ನು ಕ್ಯಾನಿಗೆ ಕರೆಯುವಳು. ಮಿಷನ್ನಿನಲ್ಲಿ ಫ್ಯಾಟು ಭರ್ತಿಯಾಗಿ ಬರುತ್ತಿತ್ತು. ಮಾರನೆಯ ದಿನದಿಂದ ಎಲ್ಲ ಮಾಮೂಲು. ಇದರಲ್ಲಿ ಮೋಸವೇನೂ ಅವಳಿಗೆ ಕಾಣುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ನೀರು ಬೆರೆಸಿದರೆ ಮಾತ್ರ ಮೋಸ.

ಇದೇ ಬುದ್ಧಿಯನ್ನು ಅವಳು ಸೊಸೆಯ ಹೊಟ್ಟೆಯ ಮೇಲೂ ಓಡಿಸಿದಳು. ತಪ್ಪು ಆದದ್ದು ಅಲ್ಲಿ.

ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಭಾರತಮ್ಮನಿಗೆ ನಲವತ್ತೊಂಬತ್ತು. ಅವಳ ಅತ್ತೆ ಮುತ್ಯಾಲಮ್ಮನಿಗೆ ಎಪ್ಪತ್ತಾರು ದಾಟಿತ್ತು, ಕಣ್ಣು ಮಂಜು, ಕಿವಿ ಮಾತ್ರ ಬೇಕಾದಾಗ ಚುರುಕು. ಮಗ ಉಮೇಶ್ ಮಾಲೂರಿನ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಸೊಸೆ ಅನಿತ ಮುಳಬಾಗಿಲು ಕಡೆಯವಳು, ತಾಯಿಯಿಲ್ಲದ ಹುಡುಗಿ, ಆರು ತಿಂಗಳ ಬಸುರಿ. ಐದನೆಯವನಾಗಿ ಇರಬೇಕಾಗಿದ್ದ ಯಜಮಾನ ವೆಂಕಟರಾಯಪ್ಪ ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಲ್ಲಿ ಹೋಗಿದ್ದ. ಮೊದಲು ಮಾತ್ರೆ, ಆಮೇಲೆ ಕಾಲಿನ ಎರಡು ಬೆರಳು, ಆಮೇಲೆ ಇಂಜೆಕ್ಷನ್, ಕೊನೆಗೆ ಕಿಡ್ನಿ. ಇಂಜೆಕ್ಷನ್ ಶುರುವಾದ ವರ್ಷವೇ ಸತ್ತದ್ದರಿಂದ ಭಾರತಮ್ಮನ ಮನಸ್ಸಿನಲ್ಲಿ ಗಂಡನನ್ನು ಕೊಂದದ್ದು ಕಾಯಿಲೆಯಲ್ಲ, ಆ ಸೂಜಿ. ಉಮೇಶನಿಗೂ ಇಪ್ಪತ್ತಾರಕ್ಕೇ ಸಕ್ಕರೆ ಕಾಣಿಸಿಕೊಂಡಿತ್ತು. ಕಡ್ಡಿಯ ಹಾಗಿದ್ದ ಹುಡುಗನಿಗೆ ಅದು ಎಲ್ಲಿಂದ ಬಂತು ಅಂತ ಊರೆಲ್ಲ ಬಾಯಿ ಮೇಲೆ ಬೆರಳಿಟ್ಟಿತ್ತು.

ಹಾಗಾಗಿ ಮೇ ತಿಂಗಳಲ್ಲಿ ಕೋಲಾರದ ಆಸ್ಪತ್ರೆಯಲ್ಲಿ ಅನಿತಳಿಗೆ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ, ರಕ್ತ ತೆಗೆದು, "ಬಸುರಿ ಸಕ್ಕರೆ ಇದೆಯಮ್ಮ" ಎಂದಾಗ ಭಾರತಮ್ಮ ಸೊಸೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಹೆದರ್ಕೋಬೇಡಿ," ಎಂದಳು ಡಾಕ್ಟರಮ್ಮ. ಇನ್ನೂ ಚಿಕ್ಕ ವಯಸ್ಸಿನವಳು, ಮಾತು ನಿಧಾನ. "ಹದಿನೈದು ದಿನ ಊಟದಲ್ಲೇ ನೋಡೋಣ. ಒಂದೇ ಸಲ ಹೊಟ್ಟೆ ತುಂಬಾ ಬೇಡ. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪ. ಅರ್ಧ ಮುದ್ದೆ, ಸೊಪ್ಪು, ಕಾಳು, ಮೊಟ್ಟೆ. ಸಿಹಿ ಬೇಡ, ಮಾವಿನಹಣ್ಣು ಬೇಡ. ಊಟ ಆದ್ಮೇಲೆ ಸ್ವಲ್ಪ ಓಡಾಡ್ಬೇಕು. ಕಡಿಮೆ ಆಗ್ಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡೋಣ."

"ಇಂಜೆಕ್ಷನ್ನಾ?" ಎಂದಳು ಭಾರತಮ್ಮ.

"ಚಿಕ್ಕ ಸೂಜಿ. ಮನೇಲೇ ತಗೋಬಹುದು."

ಭಾರತಮ್ಮ ಬಸ್ಸಿನಲ್ಲಿ ಬರುವಾಗ ಸೊಸೆಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನಿನಗೆ ಆ ಸೂಜಿ ತಾಕಿಸಕ್ಕೆ ಬಿಡಲ್ಲ ಕಣೇ," ಎಂದು ಇಳಿಯುವ ಮುಂಚೆ ಹೇಳಿದಳು. ಅನಿತ ತಲೆಯಾಡಿಸಿದಳು. ಅತ್ತೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವಳಿಗೆ ಮದುವೆಯಾದ ದಿನದಿಂದ ಅಭ್ಯಾಸ.

ಐದು ಸಲ ಊಟ ಅನ್ನುವುದು ಆಸ್ಪತ್ರೆಯಲ್ಲಿ ಹೇಳುವುದಕ್ಕೆ ಸುಲಭ. ಈ ಮನೆಯಲ್ಲಿ ಮೊದಲು ಗಂಡಸಿಗೆ, ಆಮೇಲೆ ಅಜ್ಜಿಗೆ, ಕರುಗಳಿಗೆ ಗಂಜಿ, ಆಮೇಲೆ ಅತ್ತೆ, ಕೊನೆಗೆ ಸೊಸೆ. ಅನಿತಳ ಮಧ್ಯಾಹ್ನದ ಊಟ ಮೂರು ಗಂಟೆಗೆ. ಅಷ್ಟು ಹೊತ್ತಿಗೆ ಹಸಿದು ಕಂಗೆಟ್ಟವಳು ಅರ್ಧ ಮುದ್ದೆಗೆ ನಿಲ್ಲುತ್ತಿರಲಿಲ್ಲ. ನಿಲ್ಲಲಿಕ್ಕೆ ಭಾರತಮ್ಮ ಬಿಡುತ್ತಲೂ ಇರಲಿಲ್ಲ.

"ಎರಡು ಜೀವ ಕಣೇ. ಇನ್ನೊಂದು ತುತ್ತು."

"ಸಾಕು ಅತ್ತೆ, ಡಾಕ್ಟ್ರು..."

"ಡಾಕ್ಟ್ರಿಗೇನು ಗೊತ್ತು ಹೊಟ್ಟೆ ಹಸಿವು? ತಿನ್ನು."

ಜಗಲಿಯಿಂದ ಮುತ್ಯಾಲಮ್ಮನ ತೆಲುಗು ಬೆರೆತ ದನಿ ಬರುತ್ತಿತ್ತು. "ಚಾಲು ಚಾಲು, ಸಾಕು, ತುಂಬಬೇಡ ಅದಕ್ಕೆ! ಹೊಟ್ಟೇಲಿ ಬಿಡ್ಡ ದಪ್ಪ ಆದ್ರೆ ಆಚೆಗೆ ಬರಲ್ಲ. ನಾನು ಐದು ಹೆತ್ತೆ. ಒಂದಕ್ಕೂ ಹೊಟ್ಟೆ ತುಂಬಾ ತಿಂದೋಳಲ್ಲ."

"ಗೊತ್ತು ಅತ್ತೆ. ನನಗೂ ತಿನ್ನಕ್ಕೆ ಕೊಟ್ಟೋರಲ್ಲ ನೀವು."

"ಅದಕ್ಕೇ ಹೂವು ಎತ್ತಿದ ಹಾಗೆ ಹೆತ್ತೆ ನೀನು."

ಭಾರತಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಠಣ್ ಎಂದು ಬಡಿಯುತ್ತಿತ್ತು. ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಸೊಸೆಯ ತಟ್ಟೆಗೆ ತುಪ್ಪ ಬೀಳುವುದು ನಿಲ್ಲುತ್ತಿರಲಿಲ್ಲ. ತನಗೆ ಸಿಗದ್ದನ್ನೆಲ್ಲ ಈ ಹುಡುಗಿಗೆ ತಿನ್ನಿಸಿ ನೋಡಬೇಕು ಅನ್ನುವ ಆಸೆ ಭಾರತಮ್ಮನಿಗೆ ಹಸಿವಿನಷ್ಟೇ ಜೋರಾಗಿತ್ತು. ಅದು ಪ್ರೀತಿಯೇ, ಸಂಶಯ ಬೇಡ. ಆದರೆ ಪ್ರೀತಿ ಮಾಡುವವರಿಗೆ ಕಿವಿ ಕೇಳುವುದಿಲ್ಲ ನೋಡಿ.

ಹದಿನೈದು ದಿನ ತುಂಬುವುದಕ್ಕೆ ಎರಡು ದಿನ ಮುಂಚೆ ಭಾರತಮ್ಮ ಸೊಸೆಯನ್ನು ಕೊಟ್ಟಿಗೆಗೆ ಕರೆದಳು.

"ನೋಡು, ನಾಡಿದ್ದು ಟೆಸ್ಟು. ಇವತ್ತು ನಾಳೆ ಮುದ್ದೆ ಇಲ್ಲ, ಅನ್ನ ಇಲ್ಲ. ನೀರು ಮಜ್ಜಿಗೆ, ಸೊಪ್ಪಿನ ಪಲ್ಯ. ಬೆಳಿಗ್ಗೆ ಸಂಜೆ ಹಾಗಲಕಾಯಿ ರಸ ಕೊಡ್ತೀನಿ, ಮೂಗು ಮುಚ್ಕೊಂಡು ಕುಡಿ. ಅಲ್ಲಿ ತಿಂಡಿ ತಿಂದು ರಕ್ತ ಕೊಡಿ ಅಂತಾರಲ್ಲ, ಆಗ ಕಾಲು ಚಪಾತಿ ತಿನ್ನು. ಪೂರ್ತಿ ತಿಂದೆ ಅನ್ನು."

"ಅವರು ಕೇಳಿದ್ರೆ?"

"ಅಲ್ಲಿ ನಾನಿರ್ತೀನಲ್ಲ."

"ಅತ್ತೆ, ತಪ್ಪಾಗಲ್ವಾ?"

"ಏನ್ ತಪ್ಪು? ವಿಷ ಕುಡಿ ಅಂದ್ನಾ? ಎರಡು ದಿನ ಪಥ್ಯ ಮಾಡು ಅಂದೆ. ಟೆಸ್ಟಿನ ದಿನ ನಂಬರ್ ಚೆನ್ನಾಗಿ ಬಂದ್ರೆ ಸೂಜಿ ಕೇಳೋರಿಲ್ಲ."

ಅನಿತ ತಲೆಯಾಡಿಸಿದಳು.

ಟೆಸ್ಟಿನ ದಿನ ಬೆಳಗಿನ ಬಸ್ಸು ತುಂಬಿ ತುಳುಕುತ್ತಿತ್ತು. ಯಾರೋ ಪುಣ್ಯಾತ್ಮರು ಬಸುರಿಗೆ ಸೀಟು ಬಿಟ್ಟರು. ಅರ್ಧ ದಾರಿಗೆ ಅನಿತ ಅತ್ತೆಯ ಸೆರಗು ಹಿಡಿದೆಳೆದಳು. ಮುಖ ಬಿಳುಚಿಕೊಂಡು ತುಟಿ ನಡುಗುತ್ತಿತ್ತು.

"ಅತ್ತೆ, ಕಣ್ಣು ಕತ್ತಲೆ ಬರ್ತಿದೆ."

"ತಡ್ಕೋ ಕಣೇ, ನನ್ನ ಚಿನ್ನ. ರಕ್ತ ಕೊಟ್ಟ ತಕ್ಷಣ ಇಡ್ಲಿ ಕೊಡಿಸ್ತೀನಿ."

ಭಾರತಮ್ಮನಿಗೆ ಆಗ ಅಳು ಬಂತು. ನಿಜವಾಗಿ ಬಂತು, ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಒರೆಸಿಕೊಂಡಳು. ಆದರೆ ಚೀಲದಲ್ಲಿದ್ದ ಬಾಳೆಹಣ್ಣನ್ನು ಹೊರಗೆ ತೆಗೆಯಲಿಲ್ಲ.

ನಂಬರ್ ಚೆನ್ನಾಗಿ ಬಂತು. "ಭೇಷ್! ಹೀಗೇ ಮುಂದುವರಿಸಿ," ಎಂದಳು ಡಾಕ್ಟರಮ್ಮ. ಆ 'ಭೇಷ್' ಕೇಳಿ ಭಾರತಮ್ಮನಿಗೆ ಡೈರಿಯ ಮುಂದೆ ನಿಂತಷ್ಟೇ ಹೆಮ್ಮೆಯಾಯಿತು. ಆ ವಾರವೇ ಶ್ರೀನಿವಾಸಪುರದಲ್ಲಿದ್ದ ಅವಳ ತಮ್ಮ ಒಂದು ಕ್ರೇಟು ಬಾದಾಮಿ ಮಾವಿನಹಣ್ಣು ಕಳಿಸಿದ್ದ. ಮನೆಯೆಲ್ಲ ಮಾವಿನ ವಾಸನೆ. ಎರಡು ದಿನ ಉಪವಾಸ ಇದ್ದ ಹುಡುಗಿ ಅಲ್ಲವೇ ಅಂತ ಭಾರತಮ್ಮ ತಾನೇ ಕುಯ್ದು ಕೊಟ್ಟಳು. ಮೊದಲ ದಿನ ಒಂದು. ಆಮೇಲೆ ಲೆಕ್ಕ ಇಡಲಿಲ್ಲ.

ಹೀಗೆ ಮೂರು ಸಲ ನಡೆಯಿತು. ಎರಡು ದಿನ ಮಜ್ಜಿಗೆ, ಹನ್ನೆರಡು ದಿನ ಮಾವು, ಹೋಳಿಗೆ, ಪಾಯಸ. ಜೂನ್ ಮುಗಿಯುವ ಹೊತ್ತಿಗೆ ಅನಿತಳ ಹೊಟ್ಟೆ ನೋಡುವ ಹಾಗೆ ಬೆಳೆದಿತ್ತು. ಊರಿನ ಆಶಾ ಕಾರ್ಯಕರ್ತೆ ಶಾಮಲಮ್ಮ ಒಂದು ದಿನ ತೂಕ ನೋಡಲಿಕ್ಕೆ ಬಂದವಳು ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ತಿಂಗಳಿಗಿಂತ ಹೊಟ್ಟೆ ದೊಡ್ಡದಾಗಿ ಕಾಣ್ತಿದೆ. ಹದಿನೈದು ದಿನದಲ್ಲಿ ಮೂರು ಕೆಜಿ ಹತ್ತಿದ್ದಾಳೆ."

"ಕಣ್ಣು ಹಾಕ್ಬೇಡ ಶಾಮಲಮ್ಮ. ರಿಪೋರ್ಟ್ ನೋಡು ಬೇಕಾದ್ರೆ, ಮೂರೂ ನಾರ್ಮಲ್."

ರಿಪೋರ್ಟ್ ನೋಡಿ ಶಾಮಲಮ್ಮ ಸುಮ್ಮನಾದಳು. ಕಾಗದ ಕಣ್ಣ ಮುಂದೆ ಇರುವಾಗ ಪಾಪ, ಅವಳಾದರೂ ಏನು ಮಾಡಿಯಾಳು?

ಸುಮ್ಮನಾಗದೇ ಹೋದದ್ದು ಸ್ಕ್ಯಾನಿಂಗು. ಜುಲೈ ಎರಡನೆಯ ವಾರ ಉಮೇಶ್ ರಜೆ ಹಾಕಿ ಜೊತೆಗೆ ಬಂದಿದ್ದ. ಡಾಕ್ಟರಮ್ಮ ಸ್ಕ್ಯಾನ್ ಕಾಗದವನ್ನು ಎರಡು ಸಲ ಓದಿದಳು. ಹಳೆಯ ಮೂರು ರಿಪೋರ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟು ನೋಡಿದಳು.

"ಮಗು ತುಂಬಾ ದೊಡ್ಡದಾಗಿದೆ. ನೀರೂ ಜಾಸ್ತಿ ಇದೆ. ಸಕ್ಕರೆ ಹಿಡಿತದಲ್ಲಿದ್ದಿದ್ರೆ ಹೀಗಾಗಲ್ಲ." ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟಳು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. ಎರಡು ದಿನದ ಮಜ್ಜಿಗೆಗೆ ಜಗ್ಗುವಂಥದ್ದಲ್ಲ. ಸಂಜೆಯ ಹೊತ್ತಿಗೆ ಅದರ ಉತ್ತರವೂ ಬಂತು.

"ಅನಿತಾ, ಮನೇಲಿ ಏನೇನು ತಿಂತಿದ್ದೀಯಮ್ಮ? ನಿಜ ಹೇಳು," ಎಂದಳು ಡಾಕ್ಟರಮ್ಮ.

ಅನಿತ ನೆಲ ನೋಡುತ್ತ ನಿಂತಳು. ಭಾರತಮ್ಮ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಮಗನ ಮುಂದೆ, ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಮುಂದೆ, ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಇನ್ನಿಬ್ಬರು ಬಸುರಿಯರ ಮುಂದೆ ಬಾಯಿ ಬರಲಿಲ್ಲ.

"ಇನ್ಸುಲಿನ್ ಶುರು ಮಾಡ್ಲೇಬೇಕು," ಎಂದಳು ಡಾಕ್ಟರಮ್ಮ. "ಎಷ್ಟು ಕೊಡ್ಬೇಕು ಅಂತ ನೋಡಕ್ಕೆ ಮನೆಯ ನಿಜವಾದ ಊಟ ಗೊತ್ತಾಗ್ಬೇಕು. ಮೂರು ದಿನ ತಿಂದಿದ್ದೆಲ್ಲ ಬರೆದುಕೊಂಡು ಬನ್ನಿ."

ಮನೆಗೆ ಬಂದ ಮೇಲೆ ಉಮೇಶನ ಕೋಪ ಹೊತ್ತಿಕೊಂಡಿತು. ಅವನು ಸಾಧಾರಣಕ್ಕೆ ಮಾತಾಡುವವನಲ್ಲ. ಬಾಯಿ ಬಿಟ್ಟರೆ ಬೀದಿಗೆ ಕೇಳಿಸುತ್ತದೆ.

"ಕದ್ದು ತಿಂತೀಯಾ? ನಾಚಿಕೆ ಆಗಲ್ವಾ? ನಮ್ಮಪ್ಪ ಹೇಗೆ ಸತ್ತ ಅಂತ ನಿನಗೆ ಗೊತ್ತಿಲ್ವಾ? ನಾನು ದಿನಾ ಮಾತ್ರೆ ನುಂಗೋದು ಕಾಣಲ್ವಾ? ಹೊಟ್ಟೇಲಿರೋದಕ್ಕೂ ಅದನ್ನೇ ಅಂಟಿಸ್ಬೇಕಾ?"

ಅನಿತ ಒಲೆಯ ಮುಂದೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಕರಕಲಾಯಿತು. ತಲೆಯೆತ್ತಿ ಅತ್ತೆಯನ್ನು ಒಂದೇ ಒಂದು ಸಲ ನೋಡಿದಳು, ಅಷ್ಟೇ.

"ಹೋಗ್ಲಿ ಬಿಡೋ," ಎಂದಳು ಭಾರತಮ್ಮ. "ಬಸುರಿ ಆಸೆ..."

"ನೀನು ಅವಳ ಕಡೆ ಮಾತಾಡ್ಬೇಡಮ್ಮ! ನಿನ್ನ ಮುದ್ದಿನಿಂದ್ಲೇ ಹೀಗಾಗಿದ್ದು."

ಆ ರಾತ್ರಿ ಉಮೇಶ್ ಉಣ್ಣಲಿಲ್ಲ. ಮಾರನೆಯ ದಿನ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಪ್ಯಾಂಟಿನ ಜೇಬಿಗಿಟ್ಟುಕೊಂಡು ಮಾಲೂರಿಗೆ ಹೋದ. ಸಕ್ಕರೆ, ಬೆಲ್ಲ, ತುಪ್ಪ ಎಲ್ಲ ಅದರೊಳಗೆ. ಸೊಸೆ ಕಳ್ಳಿ ಅಂತ ಬೀಗ ಹಾಕಿದ ಕಪಾಟಿನ ಮುಂದೆ ಭಾರತಮ್ಮ ದಿನಕ್ಕೆ ಹತ್ತು ಸಲ ಓಡಾಡಬೇಕಾಯಿತು. ಪ್ರತಿ ಸಲವೂ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಅವಳ ಪರವಾಗಿ ಹೇಳಬಹುದಾದ ಒಂದೇ ಒಂದು ಮಾತೆಂದರೆ, ಆ ಎರಡು ದಿನ ಅವಳಿಗೂ ಅನ್ನ ಇಳಿಯಲಿಲ್ಲ.

ಎರಡನೆಯ ದಿನ ಸಂಜೆ ಹುಲ್ಲು ಹೊತ್ತು ತರುವಾಗ ಜಗಲಿಯ ಮೇಲಿಂದ ಮುತ್ಯಾಲಮ್ಮ ಕೇಳಿದಳು.

"ಏಮೇ ಭಾರತಿ, ಆ ಹುಡುಗಿ ಎಷ್ಟು ದಿನ ಬೈಸ್ಕೋಬೇಕು?"

"ಏನ್ ಅತ್ತೆ?"

"ನನಗೆ ಕಣ್ಣು ಮಂಜು. ಮೂಗು ನೆಟ್ಟಗಿದೆ. ಟೆಸ್ಟ್ ಹತ್ರ ಬಂದಾಗ ಹಾಗಲಕಾಯಿ ವಾಸನೆ, ಆದ್ಮೇಲೆ ಹೋಳಿಗೆ ವಾಸನೆ. ನನಗೆ ತಿಳಿಯಲ್ವಾ?"

ಭಾರತಮ್ಮ ಹುಲ್ಲಿನ ಹೊರೆಯನ್ನು ದೊಪ್ಪನೆ ಇಳಿಸಿದಳು. ಒಳಗೆ ಕಟ್ಟಿಟ್ಟಿದ್ದ ಕೋಪಕ್ಕೆಲ್ಲ ಒಂದು ದಾರಿ ಸಿಕ್ಕಿತು, ಅದೂ ತಪ್ಪು ದಾರಿ.

"ಎಲ್ಲಾ ನಿಮ್ಮಿಂದ ಅತ್ತೆ! ಉಮೇಶ ಹೊಟ್ಟೇಲಿದ್ದಾಗ ನನಗೆ ಅರ್ಧ ಮುದ್ದೆ ಇಟ್ರಿ. ರಾತ್ರಿ ಹಸಿವು ತಡೀಲಾರದೆ ಹಸುಗೆ ಇಟ್ಟಿದ್ದ ಬೂಸಾ ಬಾಯಿಗೆ ಹಾಕ್ಕೊಂಡೋಳು ನಾನು. ಯಾರಿಗೂ ಹೇಳಿಲ್ಲ ಇದನ್ನ. ಇವತ್ತು ಹೇಳ್ತಿದೀನಿ. ಹುಟ್ಟಿದಾಗ ಇಲಿಮರಿ ಹಾಗಿದ್ದ ಅವನು. ಅದಕ್ಕೇ ಈ ಹುಡುಗಿಗೆ ಹೊಟ್ಟೆ ತುಂಬಾ ಹಾಕಿದೆ, ತಪ್ಪಾ?"

ಮುದುಕಿ ಸೊಸೆಯ ದನಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಹೇಳಿದಳು. "ನನ್ನ ತಂಗಿ ಹೆರಿಗೇಲಿ ಹೋದ್ಳು. ಮಗು ದಪ್ಪ ಇತ್ತು, ಸಿಕ್ಕಾಕ್ಕೊಂತು. ಮೂರು ದಿನ ಕೂಗಿದ್ಳು, ನಾನು ತಲೆ ಹತ್ರ ಕೂತಿದ್ದೆ. ನೀನು ಸಾಯಬಾರ್ದು ಅಂತ ನಿನಗೆ ಕಡಿಮೆ ಇಟ್ಟೆ. ನೀನೂ ಇವಳಿಗೆ ಒಳ್ಳೇದು ಅಂತ್ಲೇ ಮಾಡಿದ್ದೀಯ. ಆದ್ರೆ ನಾನು ಮಾಡಿದ್ದಕ್ಕೆ ಇನ್ನೊಬ್ಬರನ್ನ ಬೈಸಿಲ್ಲ."

ಭಾರತಮ್ಮ ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಉಮೇಶ್ ಚಿತ್ರಾನ್ನದ ತಟ್ಟೆಯ ಮುಂದೆ ಕೂತಿದ್ದಾಗ ಅವಳು ಎದುರಿಗೆ ಬಂದು ಕೂತಳು.

"ಅವಳು ಕದ್ದು ತಿಂದಿಲ್ಲ ಕಣೋ. ನಾನು ತಿನ್ನಿಸ್ದೆ. ಟೆಸ್ಟಿಗೆ ಮುಂಚೆ ಎರಡು ದಿನ ಉಪವಾಸ ಕೆಡವಿದ್ದೂ ನಾನೇ. ಸೂಜಿ ಬೇಡ ಅಂತ."

ಉಮೇಶನ ಕೈ ತಟ್ಟೆಯಲ್ಲೇ ನಿಂತಿತು.

"ಮೂರು ಸಲಾನೂ?"

"ಮೂರು ಸಲಾನೂ."

"ನಾನು ಅವಳನ್ನ ಕಳ್ಳಿ ಅಂತ ಬೈತಿದ್ದೆ. ನೀನು ಕೇಳಿಸ್ಕೊಂಡು ಕೂತಿದ್ದೆ." ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭಾರತಮ್ಮನಿಗೆ. ತಟ್ಟೆ ಸರಿಸಿ ಎದ್ದು, ಜೇಬಿನಿಂದ ಬೀಗದ ಕೈ ತೆಗೆದು ಅನಿತಳ ಕೈಗೆ ಕೊಟ್ಟ. ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅನಿತ ಆ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಉಮೇಶನೂ ಜೊತೆಗೆ ಬಂದಿದ್ದ. ಆಸ್ಪತ್ರೆಯಲ್ಲಿ ಭಾರತಮ್ಮ ಈ ಸಲ ಯಾರು ಇಣುಕುತ್ತಿದ್ದಾರೆ ಅಂತ ನೋಡಲಿಲ್ಲ. ಹಾಗಲಕಾಯಿಯಿಂದ ಹಿಡಿದು ಬಾದಾಮಿ ಹಣ್ಣಿನವರೆಗೆ ಎಲ್ಲ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಮುಖ ಕೆಂಪಾಗಿತ್ತು.

"ಅಮ್ಮಾ, ಈ ಟೆಸ್ಟು ನೀವು ಪಾಸಾಗಲಿ ಅಂತ ಮಾಡೋದಲ್ಲ. ನನಗೆ ಕಣ್ಣು ಇದೊಂದೇ. ನೀವು ಮೂರು ಸಲ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ರಿ. ಒಂದೂವರೆ ತಿಂಗಳು ಹೋಯ್ತು."

"ತಪ್ಪಾಯ್ತು ಮೇಡಂ. ಮಗೂಗೆ ಏನಾಗುತ್ತೆ ಹೇಳಿ."

ಡಾಕ್ಟರಮ್ಮ ಉಮೇಶನ ಕಡೆ ಕೈ ತೋರಿಸಿದಳು. "ಇವರಿಗೂ ಸಕ್ಕರೆ ಇದೆಯಲ್ಲ, ಹುಟ್ಟಿದಾಗ ತೂಕ ಎಷ್ಟಿತ್ತು?"

"ಒಂದೂ ಮುಕ್ಕಾಲು ಕೆಜಿ ಅಂದಿದ್ರು ನರ್ಸಮ್ಮ," ಎಂದಳು ಭಾರತಮ್ಮ. "ಆಮೇಲೆ ನಾನು ಬಿಡಲಿಲ್ಲ. ಬಾಳೆಹಣ್ಣು, ಸಕ್ಕರೆ ಹಾಲು, ತುರುಕಿ ತುರುಕಿ ವರ್ಷ ತುಂಬೋದ್ರೊಳಗೆ ಗುಂಡಗೆ ಮಾಡ್ದೆ."

"ಹೊಟ್ಟೆಯೊಳಗಿರೋವಾಗ ಸಿಕ್ಕಿದ್ದಕ್ಕೆ ತಕ್ಕ ಹಾಗೆ ಮಗು ಮೈ ಕಟ್ಕೊಳ್ಳುತ್ತೆ. ಕಡಿಮೆ ಸಿಕ್ಕಿ ಸಣ್ಣಗೆ ಹುಟ್ಟಿ, ಆಮೇಲೆ ಬೇಗ ದಪ್ಪ ಆದ್ರೂ ಮುಂದೆ ಸಕ್ಕರೆ, ಬೀಪಿ ಬರೋ ಅಪಾಯ ಜಾಸ್ತಿ. ತಾಯಿಯ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೂ ಅಪಾಯ ಜಾಸ್ತಿ. ನಿಮ್ಮನೇಲಿ ಎರಡೂ ಆಗಿದೆ."

ಭಾರತಮ್ಮ ಕುರ್ಚಿಯ ತೋಳು ಹಿಡಿದುಕೊಂಡಳು. "ಹಾಗಾದ್ರೆ ಈ ಮಗೂಗೂ ಬಂದೇ ಬರುತ್ತಾ?"

"ಬಂದೇ ಬರುತ್ತೆ ಅಂತ ಇಲ್ಲ. ಇರೋ ತಿಂಗಳಲ್ಲಿ ಸಕ್ಕರೆ ಇಳಿಸೋಣ. ಹುಟ್ಟಿದ್ಮೇಲೆ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೂ ತುರುಕೋದು ಬೇಡ, ಅದಕ್ಕೆ ಹಸಿವಾದಷ್ಟೇ. ಓಡಾಡಿಕೊಂಡು ಬೆಳೀಲಿ. ಅನಿತಾ ವರ್ಷಕ್ಕೊಂದು ಸಲ ಟೆಸ್ಟ್ ಮಾಡಿಸ್ಬೇಕು. ಇದೆಲ್ಲ ನಿಮ್ಮ ಅಡುಗೆಮನೇಲೇ ಆಗ್ಬೇಕಾದ್ದು, ನನ್ನ ಕೈಲಿಲ್ಲ."

ಅವತ್ತಿನಿಂದ ಸೂಜಿ ಮನೆಗೆ ಬಂತು. ಅನಿತಳಿಗೆ ತನ್ನ ಹೊಟ್ಟೆಗೆ ತಾನೇ ಚುಚ್ಚಿಕೊಳ್ಳಲಿಕ್ಕೆ ಆಗಲಿಲ್ಲ. ಉಮೇಶನಿಗೆ ಶಿಫ್ಟು. ಹಾಗಾಗಿ ಚುಚ್ಚುವ ಕೆಲಸ ಬಿದ್ದದ್ದು ಭಾರತಮ್ಮನ ಪಾಲಿಗೆ. ಶಾಮಲಮ್ಮ ಎರಡು ದಿನ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು. ಮೊದಲ ದಿನ ಭಾರತಮ್ಮ ಸೂಜಿ ಹಿಡಿದು ಹಿಂದೆ ಸರಿದಾಗ ಅನಿತಳೇ ಅವಳ ಮಣಿಕಟ್ಟು ಹಿಡಿದುಕೊಂಡಳು. ಊಟದ ಸರದಿಯೂ ತಿರುಗಿಬಿತ್ತು. ಸೂಜಿ ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಹಾಗಾಗಿ ಮೊದಲ ತಟ್ಟೆ ಅನಿತಳಿಗೆ. ಮುತ್ಯಾಲಮ್ಮ ಮೊದಲ ವಾರ ಮುಖ ತಿರುಗಿಸಿದಳು. ಆಮೇಲೆ ಹೊತ್ತಾದರೆ ಅವಳೇ ಜಗಲಿಯಿಂದ ಕೂಗತೊಡಗಿದಳು. "ಏಮೇ, ಆ ಹುಡುಗಿಗೆ ತಟ್ಟೆ ಇಟ್ಟೆಯಾ?"

ಆಗಸ್ಟಿನಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ನಾಲ್ಕು ಕೆಜಿ ನೂರು ಗ್ರಾಮ್. ಹುಟ್ಟಿದ ಗಂಟೆಯೊಳಗೆ ಮಗುವಿನ ಮೈ ನಡುಗತೊಡಗಿತು. ತಾಯಿಯಿಂದ ಬರುತ್ತಿದ್ದ ಸಕ್ಕರೆ ಒಮ್ಮೆಲೇ ನಿಂತು, ಮಗುವಿನ ಸಕ್ಕರೆ ತೀರಾ ಇಳಿದುಹೋಗಿದೆ ಅಂದರು. ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಷ್ಟು ದಪ್ಪನೆಯ ಮಗು ಅಂಗೈಯಗಲದ ಪಟ್ಟಿ ಸುತ್ತಿಸಿಕೊಂಡು, ಕೈಗೆ ನಳಿಗೆ ಹಾಕಿಸಿಕೊಂಡು ಮಲಗಿತ್ತು. ಪಕ್ಕದ ಬೆಡ್ಡಿನವರ ಕಡೆಯ ಜೈನಾಬ್ ಎಂಬಾಕೆ ಗಾಜಿನಿಂದ ಇಣುಕಿ, "ಮಾಶಾ ಅಲ್ಲಾ, ಎಷ್ಟು ದುಂಡಗಿದೆ! ಸೊಸೇನ ಚೆನ್ನಾಗಿ ನೋಡ್ಕೊಂಡಿದ್ದೀರಮ್ಮ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಭಾರತಮ್ಮ ಅಲ್ಲಿ ನಿಲ್ಲಲಾರದೆ ಮೆಟ್ಟಿಲ ಹತ್ತಿರ ಹೋಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕನೆಯ ದಿನ ಮಗು ತಾಯಿಯ ಪಕ್ಕಕ್ಕೆ ಬಂತು. ಎಂಟನೆಯ ದಿನ ಮನೆಗೆ. ಹತ್ತನೆಯ ದಿನ ಅನಿತ ಗಂಡನ ಮುಂದೆ ಹೇಳಿದಳು, ಮುಳಬಾಗಿಲಿನ ತನ್ನ ಅಕ್ಕ ಧನಶ್ರೀ ಬಾಣಂತನಕ್ಕೆ ಕರೆಯುತ್ತಿದ್ದಾಳೆ, ನಾಳೆ ಕಾರು ಕಳಿಸುತ್ತಾಳೆ, ಹೋಗುತ್ತೇನೆ ಅಂತ.

ಉಮೇಶ್ ತಾಯಿಯ ಮುಖ ನೋಡಿದ. ಭಾರತಮ್ಮ ಒಳಗೆ ಬಂದು ಮಂಚದ ಕಾಲಬದಿ ನಿಂತಳು. ಮೂವತ್ತು ದಿನದ ಬಾಣಂತಿ ಖಾರಕ್ಕೆ ಬೇಕಾದ ಸಾಮಾನೆಲ್ಲ ಅವಳು ಆಗಲೇ ಹುರಿದಿಟ್ಟಿದ್ದಳು.

"ನನ್ನ ಮೇಲೆ ಕೋಪಾನಾ ಕಣೇ?"

"ಇಲ್ಲ ಅತ್ತೆ." ಅನಿತ ಮಗುವಿನ ತಲೆ ಸವರುತ್ತಿದ್ದಳು. "ನೀವು ಏನು ಕೊಟ್ರೂ ಬೇಡ ಅನ್ನಕ್ಕೆ ನನಗೆ ಬರಲ್ಲ. ಅಮ್ಮ ಹೋದ್ಮೇಲೆ ನನಗೆ ಯಾರೂ ಅಷ್ಟು ಪ್ರೀತಿಯಿಂದ ಬಡಿಸಿಲ್ಲ. ಬಸ್ಸಲ್ಲಿ ತಲೆ ತಿರುಗಿದಾಗ್ಲೇ ನನಗೆ ಗೊತ್ತಾಗಿತ್ತು, ಇದು ಸರಿಯಿಲ್ಲ ಅಂತ. ಆದ್ರೂ ಬಾಯಿ ಬರ್ಲಿಲ್ಲ. ನನಗೋಸ್ಕರ ಆದ್ರೆ ಹೇಗೋ ನಡೀತಿತ್ತು. ಈಗ ಇವಳಿದ್ದಾಳೆ. ಅಕ್ಕನ ಮನೇಲಾದ್ರೆ ನಾನು ಬೇಡ ಅನ್ಬಹುದು, ಜಗಳಾನೂ ಆಡ್ಬಹುದು."

ಭಾರತಮ್ಮ ಆಚೆ ಹೋದಳು. ಸೊಸೆ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮಾತಿಗೆ ಎಲ್ಲಿ ಹಿಡಿದು ಜಗಳ ಮಾಡುವುದು?

ಮಾರನೆಯ ದಿನ ಬೆಳಿಗ್ಗೆ ಮಗು ಒಂದೇ ಸಮನೆ ಅಳುತ್ತಿತ್ತು. ಹೊಲಿಗೆಯ ನೋವಿನಲ್ಲಿ ಅನಿತ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಿ ಹಾಲೂಡಿಸಲು ಒದ್ದಾಡುತ್ತಿದ್ದಳು. ಮುತ್ಯಾಲಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಕೈಯಲ್ಲಿ ಮಗುವಿಗೆ ಹಾಲು ಕುಡಿಸುವ ಒಳಲೆ, ಅದರ ತುಂಬ ಸಕ್ಕರೆ ನೀರು.

"ಬಿಡ್ಡೆಗೆ ಹಾಲು ಸಾಲ್ತಿಲ್ಲ. ಎರಡು ಗುಟುಕು ಹಾಕು ಭಾರತಿ, ನನ್ನ ಕೈ ನಡುಗುತ್ತೆ."

ಭಾರತಮ್ಮ ಒಳಲೆ ತೆಗೆದುಕೊಂಡಳು. ಉಮೇಶನಿಗೂ ಹೀಗೇ ಹಾಕಿದ್ದವಳು ಅವಳು. ಮಂಚದ ಹತ್ತಿರ ಹೋಗಿ ನಿಂತಳು. ಅನಿತಳ ಕಣ್ಣು ಒಳಲೆಯ ಮೇಲೆ ನೆಟ್ಟಿತ್ತು. ತುಟಿ ಬಿಗಿದುಕೊಂಡಿತ್ತು. ಹುಡುಗಿ ಈಗಲೂ ಹೂಂ ಅಂತ ತಲೆಯಾಡಿಸುತ್ತಾಳೆ ಅಂತ ಭಾರತಮ್ಮನಿಗೆ ಗೊತ್ತಾಯಿತು. ಅದು ಗೊತ್ತಾಗಿ ಹೆದರಿಕೆಯಾಯಿತು.

"ಹೇಳು," ಎಂದಳು ಭಾರತಮ್ಮ.

"ಏನತ್ತೆ?"

"ಮುಳಬಾಗಿಲಿಗೆ ಹೋಗಿ ಹೇಳೋದನ್ನ ಇಲ್ಲೇ ಹೇಳು. ನಾನು ಕೊಡ್ತಿದೀನಿ, ನೀನು ಹೇಳು."

ಮಗು ಅಳುತ್ತಲೇ ಇತ್ತು. ಮುತ್ಯಾಲಮ್ಮ ಗೋಡೆಗೊರಗಿ ನಿಂತಿದ್ದಳು. ಅನಿತ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಬೇಡ ಅತ್ತೆ," ಎಂದಳು ಕೊನೆಗೆ. ಆಮೇಲೆ ಇನ್ನೂ ಗಟ್ಟಿಯಾಗಿ, "ಬೇಡ. ಕೊಡಬೇಡಿ. ನನ್ನ ಹಾಲೇ ಸಾಕು. ದಿಂಬು ಎತ್ತರ ಮಾಡಿ ಕೊಡಿ, ಕುಡಿಸ್ತೀನಿ."

ತಾನೇ ಕೇಳಿ ಹೇಳಿಸಿಕೊಂಡ ಮಾತು, ಆದರೂ ಭಾರತಮ್ಮನಿಗೆ ಅದು ನಾಟಿತು. ಮುಖ ಕಪ್ಪಿಟ್ಟಿತು. ಬಚ್ಚಲಿಗೆ ಹೋಗಿ ಒಳಲೆ ಬಗ್ಗಿಸಿ ತೊಳೆದಳು. ತಿರುಗಿ ಬಂದು ದಿಂಬು ಎತ್ತರ ಮಾಡಿ, ಸೊಸೆಯ ಬೆನ್ನಿಗೆ ಕೈಕೊಟ್ಟು ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮಗು ಎದೆ ಹಿಡಿಯಿತು, ಅಳು ನಿಂತಿತು.

"ಕಾರು ಬರೋದು ಬೇಡ ಅಂತ ಅಕ್ಕನಿಗೆ ಹೇಳ್ಲಾ?" ಎಂದು ಅನಿತ ಮೆಲ್ಲಗೆ ಕೇಳಿದಳು. "ಆದ್ರೆ ನಾನು ದಿನಾ ಹೀಗೇ ಹೇಳ್ತೀನಿ ಅತ್ತೆ. ನೀವು ಬೇಜಾರ್ ಮಾಡ್ಕೋಬಾರ್ದು."

"ಮಾಡ್ಕೋತೀನಿ ಕಣೇ," ಎಂದಳು ಭಾರತಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಬೇಜಾರಾಗ್ದೆ ಇರುತ್ತಾ? ನೀನು ಹೇಳು."